ಕಿವಿ ಎಲ್ಲಿಡಬೇಕು, ಫೋನ್ ಎಲ್ಲಿಡಬೇಕು: ಸಿಗುರ್ ರೋಸ್ ಲೈವ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಅಂಕಣ ಪೂರ್ತಿ ಒಂದೇ ತಂಡಕ್ಕೆ ಮೀಸಲು: 1994ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಹುಟ್ಟಿದ ಸಿಗುರ್ ರೋಸ್. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆಲ್ಬಮ್‌ಗಳ ಬಗ್ಗೆ ಅಲ್ಲ, ಅವರನ್ನು ಎದುರಿಗೆ ಕೇಳುವುದರ ಬಗ್ಗೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಂದನ್ನಷ್ಟೇ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ನನ್ನದು ನಿಂತು ನೋಡುವ ಟಿಕೆಟ್. ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ನಿಂತು, ಓಡಿಹೋಗಿ ಎದುರಿನ ಕಂಬಿ ಹಿಡಿಯಬೇಕೆಂದಿದ್ದೇನೆ. ಸರಿಯೇ?

ಉತ್ತರ: ಮುಖ ನೋಡಬೇಕಿದ್ದರೆ ಸರಿ. ಹಾಡು ಕೇಳಬೇಕಿದ್ದರೆ ಅದು ಸಭಾಂಗಣದ ಅತಿ ಕೆಟ್ಟ ಜಾಗಗಳಲ್ಲೊಂದು.

ಕಂಬಿಯ ಹತ್ತಿರ ನಿಂತವರಿಗೆ ವೇದಿಕೆಯ ಮೇಲಿನ ಡ್ರಮ್ಮು, ಗಿಟಾರ್ ಆಂಪ್ಲಿಫೈಯರುಗಳ ಸದ್ದು ನೇರವಾಗಿ ಬಡಿಯುತ್ತದೆ. ಗಾಯಕನ ದನಿ ಹಾಗಲ್ಲ. ಅದು ಬರುವುದು ಎರಡೂ ಬದಿ ಎತ್ತರದಲ್ಲಿ ತೂಗುಹಾಕಿದ ಸ್ಪೀಕರ್ ಸಾಲುಗಳಿಂದ, ಮತ್ತು ಆ ಸಾಲುಗಳನ್ನು ಮುಖ ಮಾಡಿ ಕಟ್ಟಿರುವುದು ಹಿಂದಿನ ಜನರ ಕಡೆಗೆ. ಮುಂದಿನವರ ತಲೆಯ ಮೇಲೆಯೇ ದನಿ ಹಾರಿಹೋಗುತ್ತದೆ. ಇದಕ್ಕೆ ಪರಿಹಾರವೆಂದು ವೇದಿಕೆಯ ಅಂಚಿನಲ್ಲಿ ಸಣ್ಣ ಸ್ಪೀಕರುಗಳನ್ನು ಇಡುತ್ತಾರೆ. ಅದು ಕೊರತೆ ತುಂಬುತ್ತದೆಯೇ ಹೊರತು ಪೂರ್ತಿ ಚಿತ್ರ ಕೊಡುವುದಿಲ್ಲ. ಬೇರೆ ರಾಕ್ ತಂಡವಾದರೆ ಇಷ್ಟಕ್ಕೆ ನಷ್ಟವೇನೂ ಇಲ್ಲ. ಇಲ್ಲಿ ಇಡೀ ಸಂಗೀತ ನೇತಾಡುವುದೇ ತಂಡದ ಗಾಯಕ ಯೋನ್ಸಿಯ ತಾರಸ್ಥಾಯಿಯ ಕಳ್ಳದನಿಯ ಮೇಲೆ, ಅಂದರೆ ಫಾಲ್ಸೆಟೊ ಮೇಲೆ. ಅದು ಮಸುಕಾದರೆ ಉಳಿಯುವುದು ಡ್ರಮ್ಮು ಮಾತ್ರ.

ಸೌಂಡ್ ಎಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂತಿರುವ ಕಟ್ಟೆಯನ್ನು ಮೊದಲು ಹುಡುಕಿ. ಅದರ ಎದುರಿಗೆ ಎರಡು ಮೂರು ಮೀಟರ್ ಬಿಟ್ಟು, ನಡುಗೆರೆಗಿಂತ ಚೂರು ಪಕ್ಕಕ್ಕೆ ನಿಲ್ಲಿ. ಆತ ಏನು ಕೇಳುತ್ತ ಹದ ಮಾಡುತ್ತಾನೋ ಅದೇ ನಿಮ್ಮ ಕಿವಿಗೂ ಬೀಳುತ್ತದೆ. ಕಟ್ಟೆ ತೀರಾ ಹಿಂದಿದ್ದರೆ ಇನ್ನೊಂದು ಲೆಕ್ಕವಿದೆ: ಎಡ ಬಲ ಸ್ಪೀಕರ್ ಸಾಲುಗಳ ನಡುವೆ ಎಷ್ಟು ಅಂತರವಿದೆಯೋ ಸುಮಾರು ಅಷ್ಟೇ ದೂರದಲ್ಲಿ ವೇದಿಕೆಯಿಂದ ಹಿಂದೆ ನಿಂತರೆ ಎರಡೂ ಬದಿಯ ದನಿ ಸಮನಾಗಿ ಕೂಡುತ್ತದೆ.

ಬಿಡಬೇಕಾದ ಜಾಗಗಳು ಮೂರು. ಬಾಲ್ಕನಿಯ ಕೆಳಗಿನ ಆಳವಾದ ಜಾಗ, ಏಕೆಂದರೆ ಅಲ್ಲಿ ಮೇಲಿನ ಸ್ಪೀಕರುಗಳು ಮರೆಯಾಗಿ ತೀಕ್ಷ್ಣ ದನಿಗಳು ಸೋರಿಹೋಗುತ್ತವೆ. ಹಿಂಗೋಡೆಗೆ ಒರಗುವ ಜಾಗ. ಮತ್ತು ಬಾರ್ ಕೌಂಟರಿನ ಸುತ್ತಮುತ್ತ. ಮೂರನೆಯದನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ. ಈ ತಂಡದ ಹಾಡುಗಳಲ್ಲಿ ಪಿಸುಮಾತಿಗಿಂತ ಮೆಲ್ಲಗಿನ ನಿಮಿಷಗಳು ಬೇಕಾದಷ್ಟಿವೆ; ಗ್ಲಾಸು ತಾಗಿದ ಸದ್ದು ಅವುಗಳನ್ನು ನುಂಗಿಹಾಕುತ್ತದೆ. ಜೋರಿನ ಭಾಗ ಎಲ್ಲಿ ನಿಂತರೂ ಕೇಳುತ್ತದೆ. ಜಾಗ ಆರಿಸಬೇಕಾದದ್ದು ಮೆಲ್ಲಗಿನ ಭಾಗಕ್ಕಾಗಿ.

ಪ್ರಶ್ನೆ: ಒಂದು ಶೋನಲ್ಲಿ ಬಾಸ್ ಗಿಟಾರಿನ ಕೆಲವು ಸ್ವರಗಳು ಕೇಳಲೇ ಇಲ್ಲ, ಕೆಲವು ಎದೆ ನಡುಗಿಸಿದವು. ನುಡಿಸುವವರ ತಪ್ಪೇ?

ಉತ್ತರ: ಅಲ್ಲ, ನೀವು ನಿಂತ ಚೌಕದ ತಪ್ಪು. ಮಂದ್ರದ ದನಿಯಲೆ ಬಹಳ ಉದ್ದ. ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಹಾಗಾಗಿ 50 ಹರ್ಟ್ಸ್ ಸ್ವರದ ಒಂದು ಅಲೆ ಸುಮಾರು 6.9 ಮೀಟರ್. ಬಾಸ್ ಸ್ಪೀಕರುಗಳು ಎಡಕ್ಕೊಂದು ಬಲಕ್ಕೊಂದು ರಾಶಿಯಾಗಿದ್ದು, ನಿಮ್ಮಿಂದ ಒಂದು ರಾಶಿ ಇನ್ನೊಂದಕ್ಕಿಂತ 3.4 ಮೀಟರ್ ಹೆಚ್ಚು ದೂರವಿದ್ದರೆ, ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಂದು ಬೀಳುತ್ತದೆ. ಆ ಸ್ವರ ಅಲ್ಲಿ ಸತ್ತ ಹಾಗೆಯೇ. ಪಕ್ಕದ ಸ್ವರದ ಅಲೆಯ ಉದ್ದ ಬೇರೆ, ಅದು ಬದುಕಿರುತ್ತದೆ. ನಡುಗೆರೆಯಲ್ಲಿ ಎರಡೂ ದೂರ ಸಮ, ಅಲ್ಲಿ ಬಾಸ್ ಎಲ್ಲಕ್ಕಿಂತ ದಪ್ಪ. ಗೋಡೆಗೆ ತಾಗಿ, ಮೂಲೆಯಲ್ಲಿ ನಿಂತರೂ ಬಾಸ್ ಉಬ್ಬುತ್ತದೆ. ಅದಕ್ಕೇ ಮೊದಲ ಉತ್ತರದಲ್ಲಿ ‘ನಡುಗೆರೆಗಿಂತ ಚೂರು ಪಕ್ಕಕ್ಕೆ’ ಎಂದದ್ದು.

ಪರಿಹಾರ ಸುಲಭ: ಒಂದು ಬದಿಗೆ ನಾಲ್ಕು ಹೆಜ್ಜೆ. ಸರಿಹೋಗದಿದ್ದರೆ ಮತ್ತೆ ನಾಲ್ಕು.

ಪ್ರಶ್ನೆ: ಇಷ್ಟು ನಾಜೂಕಿನ ಸಂಗೀತಕ್ಕೆ ಇಯರ್‌ಪ್ಲಗ್ ಬೇಕೇ? ಹಾಕಿಕೊಂಡರೆ ಮೆಲ್ಲಗಿನ ಹಾಡುಗಳು ಕೇಳಿಸದೆ ಹೋಗುವುದಿಲ್ಲವೇ?

ಉತ್ತರ: ಬೇಕು. ಆಲ್ಬಮ್ಮನ್ನು ಮನೆಯಲ್ಲಿ ಕೇಳಿದವರು ಇವರನ್ನು ಜೋಗುಳದ ತಂಡ ಎಂದುಕೊಂಡು ಬರುತ್ತಾರೆ. ವೇದಿಕೆಯ ಮೇಲೆ ಕೊನೆಯ ಹಾಡಿನ ಹೊತ್ತಿಗೆ ಅದು ಯಾವ ಮೆಟಲ್ ತಂಡಕ್ಕೂ ಕಡಿಮೆಯಿಲ್ಲದ ಅಬ್ಬರ.

ಲೆಕ್ಕ ನೋಡಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ, 103ಕ್ಕೆ ಏಳೂವರೆ ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಸಭಾಂಗಣಗಳಿಗೆ ಸೂಚಿಸಿದ ಮೇಲಿನ ಮಿತಿಯೂ 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್. ನೀವು ನಿಂತಲ್ಲಿ 103 ಇದ್ದು, ಕಿವಿಯಲ್ಲಿ ನಿಜಕ್ಕೂ 15 ಡೆಸಿಬೆಲ್ ಇಳಿಸುವ ಪ್ಲಗ್ ಇದ್ದರೆ ಒಳಗೆ ತಲುಪುವುದು 88. ಏಳೂವರೆ ನಿಮಿಷದ ಜಾಗದಲ್ಲಿ 4 ಗಂಟೆ ಸಿಕ್ಕಿತು.

ಎಂಥ ಪ್ಲಗ್ ಎನ್ನುವುದು ಇಲ್ಲಿ ಮುಖ್ಯ. ಹಳದಿ, ಕಿತ್ತಳೆ ಬಣ್ಣದ ಸ್ಪಂಜಿನ ಪ್ಲಗ್ಗು ಮಂದ್ರಕ್ಕಿಂತ ತಾರವನ್ನು ಹೆಚ್ಚು ಕತ್ತರಿಸುತ್ತದೆ; ಕಂಬಳಿ ಹೊದ್ದು ಕೇಳಿದ ಹಾಗಾಗುತ್ತದೆ. ಸಂಗೀತಗಾರರಿಗೆಂದು ಮಾಡಿದ ಫಿಲ್ಟರ್ ಇರುವ ಪ್ಲಗ್ಗು ಎಲ್ಲ ಸ್ಥಾಯಿಗಳನ್ನೂ ಸುಮಾರಾಗಿ ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ. ದನಿಯ ಬಣ್ಣ ಹಾಗೇ ಉಳಿಯುತ್ತದೆ, ಗಾತ್ರ ಮಾತ್ರ ಕುಗ್ಗುತ್ತದೆ. ಕಿವಿಯ ಅಚ್ಚು ತೆಗೆದು ಮಾಡಿಸುವಂಥವಕ್ಕೆ 9, 15, 25 ಡೆಸಿಬೆಲ್ ಫಿಲ್ಟರುಗಳು ಸಿಗುತ್ತವೆ. ನಮ್ಮ ಮತ 15ಕ್ಕೆ. 25 ಹಾಕಿಕೊಂಡರೆ ಮೆಲ್ಲಗಿನ ಹಾಡುಗಳಿಗೆ ನಿಜವಾಗಿಯೂ ಕುತ್ತು.

ಮೆಲ್ಲಗಿನ ಹಾಡು ಬಂದಾಗ ತೆಗೆದು, ಜೋರಾದಾಗ ಹಾಕಿಕೊಳ್ಳುತ್ತೇನೆ ಎನ್ನುವ ಉಪಾಯ ಕೈಕೊಡುತ್ತದೆ. ಸ್ಪಂಜಿನ ಪ್ಲಗ್ ಕೂರಿಸಲು ಅರ್ಧ ನಿಮಿಷ ಬೇಕು. ಈ ತಂಡ ಪಿಸುದನಿಯಿಂದ ಸಿಡಿಲಿಗೆ ಒಂದೇ ಡ್ರಮ್ ಪೆಟ್ಟಿನಲ್ಲಿ ಹಾರುತ್ತದೆ. ಇನ್ನೊಂದು ಮಾತು: ಪ್ಲಗ್ ಹಾಡನ್ನು ಇಳಿಸುವಷ್ಟೇ ಪಕ್ಕದವರ ಗುಸುಗುಸುವನ್ನೂ ಇಳಿಸುತ್ತದೆ. ನಿಜವಾಗಿ ಕಾಟ ಕೊಡುವುದು ನಿಮ್ಮದೇ ಉಸಿರು ಮತ್ತು ಎಂಜಲು ನುಂಗುವ ಸದ್ದು. ಪ್ಲಗ್ ಅರ್ಧ ಹೊರಗೇ ಉಳಿದಾಗ ಇದು ಜಾಸ್ತಿ, ಆಳಕ್ಕೆ ಕೂತಾಗ ಕಡಿಮೆ.

ಸ್ಪಂಜಿನದೇ ಗತಿಯಾದರೆ ಕೂರಿಸುವ ಬಗೆ ಹೀಗೆ: ಒಣ ಬೆರಳುಗಳಲ್ಲಿ ನೆರಿಗೆ ಬೀಳದಂತೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಹೊಸೆದದ್ದನ್ನು ಒಳಗೆ ಸರಿಸಿ, ಅದು ಉಬ್ಬಿ ಕೂರುವ ತನಕ 20–30 ಸೆಕೆಂಡು ಬೆರಳಲ್ಲಿ ಒತ್ತಿ ಹಿಡಿಯಿರಿ. ಎದುರಿನಿಂದ ನೋಡುವವರಿಗೆ ಪ್ಲಗ್ ಎದ್ದು ಕಂಡರೆ ಅದು ಕೂತಿಲ್ಲ. ಡಬ್ಬಿಯ ಮೇಲೆ ಬರೆದ ಸಂಖ್ಯೆ ಪ್ರಯೋಗಾಲಯದ್ದು. ಸರಿಯಾಗಿ ಕೂರದ ಪ್ಲಗ್ ಅದರ ಅರ್ಧವನ್ನೂ ಕೊಡದಿರಬಹುದು. ಸ್ಪಂಜನ್ನು ತೊಳೆದು ಮತ್ತೆ ಬಳಸಬೇಡಿ. ಫಿಲ್ಟರಿನದಾದರೆ ಫಿಲ್ಟರ್ ಬಿಚ್ಚಿಟ್ಟು ಮೆದು ತೊಗಟೆಯನ್ನಷ್ಟೇ ತೊಳೆಯಿರಿ.

ಪ್ರಶ್ನೆ: ಶೋ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಎಷ್ಟು ದಿನ ಕಾಯಬೇಕು?

ಉತ್ತರ: ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಗ್ಗುತ್ತದೆ. ಅಷ್ಟರಲ್ಲಿ ಹೆಡ್‌ಫೋನ್ ಮುಟ್ಟಬೇಡಿ, ಇನ್ನೊಂದು ಶೋಗೆ ಹೋಗಬೇಡಿ. ಎರಡು ದಿನ ದಾಟಿದರೆ ಕಿವಿ ವೈದ್ಯರಲ್ಲಿಗೆ ಹೋಗಿ. ಒಂದೇ ಕಿವಿ ಹಠಾತ್ತನೆ ಮಂದವಾದರೆ ಆ ಎರಡು ದಿನವನ್ನೂ ಕಾಯಬಾರದು. ಅದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಹೆಚ್ಚು. ಗುಂಯ್‌ಗುಡುವಿಕೆ ನಿಂತಿತೆಂದರೆ ಪೆಟ್ಟೇ ಬಿದ್ದಿಲ್ಲ ಎಂದಲ್ಲ, ಇದು ನೆನಪಿರಲಿ.

ಪ್ರಶ್ನೆ: ಯೋನ್ಸಿ ಗಿಟಾರನ್ನು ದೊಡ್ಡ ಪಿಟೀಲಿನಂಥ ಚೆಲ್ಲೊದ ಕಮಾನಿನಿಂದ ಉಜ್ಜುತ್ತಾರಲ್ಲ, ಮನೆಯಲ್ಲಿ ಪಿಟೀಲಿನ ಕಮಾನು ತೆಗೆದುಕೊಂಡು ಮಾಡಿದರೆ ಬರೀ ಕಿರಿಚುತ್ತದೆ. ಏನು ತಪ್ಪು?

ಉತ್ತರ: ಮೂರು ನಾಲ್ಕು ತಪ್ಪುಗಳು ಒಟ್ಟಿಗೇ ಆಗುತ್ತಿರಬೇಕು. ಇಂಥ ಪ್ರಶ್ನೆ ಬಂದಾಗ ನಮಗೆ ಜಾಗ ಸಾಲುವುದಿಲ್ಲ, ಆದರೂ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಏಕೆಂದರೆ ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ವೇದಿಕೆಯ ಮೇಲೆ ನಡೆಯುವುದು ಬೇರೆಯದೇ ಆಗಿ ಕಾಣುತ್ತದೆ.

ಮೊದಲು ಕಮಾನು. ಚೆಲ್ಲೊ ಕಮಾನು ಪಿಟೀಲಿನದಕ್ಕಿಂತ ಭಾರ, ಕೂದಲಿನ ಪಟ್ಟಿ ಅಗಲ; ಗಿಟಾರಿನ ದಪ್ಪ ತಂತಿಯನ್ನು ಹಿಡಿದು ಎಳೆಯಲು ಆ ಭಾರ ಬೇಕು. ಕೂದಲನ್ನು ಬಿಗಿಮಾಡುವಾಗ ಕಮಾನಿನ ನಡುವೆ ಕೂದಲಿಗೂ ಕೋಲಿಗೂ ಒಂದು ಪೆನ್ಸಿಲ್ ತೂರುವಷ್ಟು ಅಂತರ ಸಾಕು. ಹೊಸ ಕೂದಲು ನುಣುಪು, ರಾಳ ಹಿಡಿಯದೆ ಅದು ಸದ್ದೇ ಮಾಡುವುದಿಲ್ಲ. ರಾಳದ ಬಿಲ್ಲೆಯ ಮುಖವನ್ನು ಉಪ್ಪುಕಾಗದದಲ್ಲಿ ಚೂರು ಒರಟು ಮಾಡಿ, ತುದಿಯಿಂದ ಬುಡದವರೆಗೆ ನಿಧಾನವಾಗಿ ಹತ್ತಾರು ಸಲ ಎಳೆಯಿರಿ. ಈ ಕಮಾನನ್ನು ಗಿಟಾರಿಗೇ ಮೀಸಲಿಡಿ. ಸುರುಳಿ ಸುತ್ತಿದ ಗಿಟಾರ್ ತಂತಿ ಅರದ ಹಾಗೆ ಕೂದಲನ್ನು ಹರಿಯುತ್ತದೆ, ತಂತಿಯ ಜಿಡ್ಡು ಕೂದಲಿಗೆ ಹತ್ತುತ್ತದೆ. ಆಮೇಲೆ ಅದು ಚೆಲ್ಲೊಗೂ ಬಾರದು, ಪಿಟೀಲಿಗೂ ಬಾರದು. ಚಪ್ಪಟೆ ಸುತ್ತಿನ ತಂತಿ ಹಾಕಿದರೆ ಕೂದಲು ಹೆಚ್ಚು ದಿನ ಬಾಳುತ್ತದೆ.

ಇನ್ನು ತಂತಿಗಳು. ಪಿಟೀಲಿನಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಚೆನ್ನಾಗಿ ಬಾಗಿದ್ದು, ಪ್ರತಿ ತಂತಿಯೂ ಬೇರೆ ಎತ್ತರದಲ್ಲಿರುತ್ತದೆ. ಗಿಟಾರಿನ ತಂತಿಗಳು ಹೆಚ್ಚು ಕಡಿಮೆ ಒಂದೇ ಸಮತಲದಲ್ಲಿವೆ. ಹಾಗಾಗಿ ಕಮಾನು ಹಲವು ತಂತಿಗಳನ್ನು ಒಟ್ಟಿಗೆ ಮುಟ್ಟುತ್ತದೆ, ಇಲ್ಲವೇ ಅಂಚಿನ ಒಂದನ್ನು. ನಡುವಿನ ತಂತಿಯೊಂದನ್ನೇ ನುಡಿಸುವುದು ಆಗದ ಕೆಲಸ, ಪ್ರಯತ್ನಿಸಬೇಡಿ. ಬದಲಿಗೆ ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿ ಡಿ ಮಾಡಿ. ಈಗ ದಪ್ಪನೆಯ ಮೂರು ತಂತಿಗಳು ಡಿ, ಎ, ಡಿ. ನಮ್ಮ ಲೆಕ್ಕದಲ್ಲಿ ಸ, ಪ, ಮೇಲಿನ ಸ. ಮೂರನ್ನೂ ಒಟ್ಟಿಗೆ ಉಜ್ಜಿದರೂ ಅಪಶ್ರುತಿಯಿಲ್ಲ, ತಂಬೂರಿಯಂತೆ ನಿಲ್ಲುತ್ತದೆ. ಒಂದು ಬೆರಳನ್ನು ಅಡ್ಡಕ್ಕೆ ಒತ್ತಿ ಮೇಲೆ ಕೆಳಗೆ ಸರಿದರೆ ಸ್ವರ ಬದಲಾಗುತ್ತದೆ.

ಕೈ ಹೇಗಿರಬೇಕು? ಕುದುರೆಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ, ತಂತಿಗೆ ನೇರ ಅಡ್ಡವಾಗಿ, ನಿಧಾನ. ಕಿರಿಚಿದರೆ ಕಮಾನು ಹಗುರವಾಗಿದೆ, ವೇಗ ಜಾಸ್ತಿಯಾಗಿದೆ. ಕರಕರ ಎಂದು ಕೆರೆದರೆ ಒತ್ತಡ ಜಾಸ್ತಿ. ಜಾರಿ ಬರೀ ಗಾಳಿಯ ಸದ್ದು ಬಂದರೆ ರಾಳ ಸಾಲದು. ಗಿಟಾರಿನ ಒಡಲಿಗೆ ಪಿಟೀಲಿನಂಥ ಸೊಂಟದ ಕಡಿತವಿಲ್ಲದ್ದರಿಂದ ಕಮಾನನ್ನು ಬಹಳ ಓರೆ ಮಾಡಿದರೆ ಅದು ಮರಕ್ಕೆ ತಾಗುತ್ತದೆ, ಓರೆ ಕಡಿಮೆಯೇ ಇರಲಿ.

ಇಷ್ಟೆಲ್ಲ ಮಾಡಿದರೂ ಆಂಪ್ಲಿಫೈಯರಿಗೆ ಜೋಡಿಸದ ಗಿಟಾರ್ ಬಡಕಲಾಗಿಯೇ ಕೇಳುತ್ತದೆ. ದನಿಯ ಅರ್ಧ ಹುಟ್ಟುವುದು ಪೆಡಲ್‌ಗಳಲ್ಲಿ, ಅಂದರೆ ಕಾಲಿನಿಂದ ಒತ್ತಿ ದನಿ ಬದಲಿಸುವ ಪೆಟ್ಟಿಗೆಗಳಲ್ಲಿ. ಗಿಟಾರಿನಿಂದ ವಾಲ್ಯೂಮ್ ಪೆಡಲ್, ಅಲ್ಲಿಂದ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್, ಆಮೇಲೆ ದನಿಯನ್ನು ತಡವಾಗಿ ಮರಳಿಸುವ ಡಿಲೇ, ಕಡೆಗೆ ದೊಡ್ಡ ಸಭಾಂಗಣದ ಅನುರಣನ ಕೊಡುವ ರಿವರ್ಬ್. ಕಮಾನು ತಂತಿಗೆ ತಾಗುವ ಕ್ಷಣದ ಕೆರೆತವನ್ನು ವಾಲ್ಯೂಮ್ ಪೆಡಲ್ ಮುಚ್ಚುತ್ತದೆ: ಪೆಡಲ್ ಇಳಿಸಿಟ್ಟು ಕಮಾನು ಶುರುಮಾಡಿ, ದನಿ ಹಿಡಿದ ಮೇಲೆ ಪಾದ ಒತ್ತಿ. ಡಿಲೇ 400ರಿಂದ 600 ಮಿಲಿಸೆಕೆಂಡು, ಮರುಕಳಿಕೆ ಕಡಿಮೆ. ರಿವರ್ಬ್ 6ರಿಂದ 10 ಸೆಕೆಂಡು, ಮೂಲ ದನಿಯೊಂದಿಗೆ ಸುಮಾರು ಅರ್ಧಕ್ಕರ್ಧ. ರಿವರ್ಬನ್ನು ಡಿಸ್ಟಾರ್ಷನ್ ಮೊದಲು ಇಟ್ಟರೆ ಎಲ್ಲ ಕಲಸಿ ಗೊಜ್ಜಾಗುತ್ತದೆ. ಕೆಲವರು ಅದನ್ನೇ ಬೇಕೆಂದು ಮಾಡುತ್ತಾರೆ, ಮೊದಲ ದಿನ ಬೇಡ. ಮೆಲ್ಲಗಿನ ಸದ್ದನ್ನು ತಡೆಯುವ ನಾಯ್ಸ್ ಗೇಟ್ ಹಾಕಬೇಡಿ, ದನಿಯ ಬಾಲವನ್ನು ಕತ್ತರಿಸಿಬಿಡುತ್ತದೆ. ಆಂಪ್ಲಿಫೈಯರಿಗೆ ತೀರಾ ಹತ್ತಿರ ನಿಂತರೆ ಊಳಿಡುತ್ತದೆ, ಎರಡು ಹೆಜ್ಜೆ ಹಿಂದೆ ಸರಿಯಿರಿ.

ಮುಗಿದ ಕೂಡಲೇ ಒಣಬಟ್ಟೆಯಿಂದ ತಂತಿ, ತಂತಿಯ ಕಂಪನ ಹಿಡಿಯುವ ಪಿಕಪ್, ಮರ ಒರೆಸಿ. ರಾಳದ ಪುಡಿ ರಾತ್ರಿಯಿಡೀ ಉಳಿದರೆ ಅಂಟಾಗಿ ಹಿಡಿಯುತ್ತದೆ. ಕಮಾನಿನ ಕೂದಲನ್ನು ಸಡಿಲಿಸಿಡಿ.

ಪ್ರಶ್ನೆ: ಭಾಷೆ ತಿಳಿಯದೆ ಹೋದರೆ ಅರ್ಧ ಸೊಗಸು ಕಳೆದುಕೊಳ್ಳುತ್ತೇನೆಯೇ? ಮತ್ತು ತಂಡದ ಹೆಸರನ್ನು ಹೇಗೆ ಹೇಳಬೇಕು?

ಉತ್ತರ: ಬಹಳಷ್ಟು ಹಾಡುಗಳು ಐಸ್‌ಲ್ಯಾಂಡಿಕ್‌ನಲ್ಲಿವೆ. ಉಳಿದವುಗಳಲ್ಲಿ ಹೆಚ್ಚಿನವು ಯಾರಿಗೂ ತಿಳಿಯದ ಭಾಷೆಯಲ್ಲಿ. ಅದನ್ನು ‘ವೊನ್‌ಲೆನ್ಸ್ಕಾ’ ಎನ್ನುತ್ತಾರೆ. ‘ವೊನ್’ ಎಂದರೆ ಭರವಸೆ, ತಂಡದ 1997ರ ಮೊದಲ ಆಲ್ಬಮ್ಮಿನ ಹೆಸರೂ ಅದೇ. ಅದಕ್ಕೆ ವ್ಯಾಕರಣವಿಲ್ಲ, ನಿಘಂಟಿಲ್ಲ, ರಾಗಕ್ಕೆ ಒಗ್ಗುವ ಉಚ್ಚಾರಗಳು ಮಾತ್ರ. ಆಲಾಪನೆಯಲ್ಲಿ ‘ತದರಿನ’ದ ಅರ್ಥ ಕೇಳುವವರುಂಟೇ? 2002ರಲ್ಲಿ ಬಂದ, ಎರಡು ಆವರಣ ಚಿಹ್ನೆಗಳನ್ನೇ ಹೆಸರಾಗಿಟ್ಟುಕೊಂಡ ಆಲ್ಬಮ್ ಪೂರ್ತಿ ಈ ಭಾಷೆಯದೇ. ಅದರ ಎಂಟು ಹಾಡುಗಳಿಗೂ ಹೆಸರಿರಲಿಲ್ಲ, ಒಳಗಿಟ್ಟ ಪುಸ್ತಿಕೆಯ ಹಾಳೆಗಳು ಖಾಲಿ. ಕೇಳುಗರು ತಮಗೆ ತೋಚಿದ್ದನ್ನು ಬರೆದುಕೊಳ್ಳಲಿ ಎಂದು.

ಹೆಸರು: ನಮ್ಮಲ್ಲಿ ‘ಸಿಗುರ್ ರೋಸ್’ ಎಂದು ಬರೆಯುವುದು ರೂಢಿ. ಐಸ್‌ಲ್ಯಾಂಡಿನವರ ಬಾಯಲ್ಲಿ ‘ಗ’ ಕರಗಿ ‘ಸಿಯುರ್ ರೋಸ್’ಗೆ ಹತ್ತಿರವಾಗುತ್ತದೆ. ತಂಡ ಶುರುವಾದ ಹೊತ್ತಿಗೆ ಹುಟ್ಟಿದ ಯೋನ್ಸಿಯ ತಂಗಿ ಸಿಗುರ್‌ರೋಸ್‌ಳ ಹೆಸರನ್ನು ಎರಡಾಗಿ ಒಡೆದದ್ದು.

ಪ್ರಶ್ನೆ: ಹಾಡು ನಿಂತಿತೆಂದು ಚಪ್ಪಾಳೆ ಹೊಡೆದೆ, ಸುತ್ತಲಿನವರು ತಿರುಗಿ ನುಂಗುವ ಹಾಗೆ ನೋಡಿದರು. ಯಾವಾಗ ಚಪ್ಪಾಳೆ ಹೊಡೆಯಬೇಕು?

ಉತ್ತರ: ನೀವು ಬಿದ್ದದ್ದು ಬಹುಶಃ ‘ವಿಥ್ರಾರ್ ವೆಲ್ ತಿಲ್ ಲೊಫ್ತೌರೌಸಾ’ ಹಾಡಿನ ಹೊಂಡಕ್ಕೆ. 1999ರ ಆಲ್ಬಮ್ಮಿನ ಈ ಹಾಡನ್ನು ವೇದಿಕೆಯಲ್ಲಿ ನುಡಿಸುವಾಗ ತಂಡ ನಡುವೆ ಥಟ್ಟನೆ ನಿಂತು, ಕೈ ಎಲ್ಲಿತ್ತೋ ಅಲ್ಲೇ ಬೊಂಬೆಗಳಂತೆ ಉಳಿಯುತ್ತದೆ. ಸಭೆಯೆಲ್ಲ ಉಸಿರು ಬಿಗಿಹಿಡಿಯುತ್ತದೆ. ಆಮೇಲೆ ಬಿಟ್ಟಲ್ಲಿಂದಲೇ ಮತ್ತೆ ಶುರು. ಗೊತ್ತಿಲ್ಲದವರು ಚಪ್ಪಾಳೆ ಹೊಡೆಯುವುದು ಪ್ರತಿ ಶೋನ ಕತೆ, ಮುಜುಗರ ಬೇಡ.

ಗುರುತು ಹೀಗಿದೆ. ಕೈಗಳು ವಾದ್ಯದ ಮೇಲೆಯೇ ಇವೆಯೇ ನೋಡಿ: ಕಮಾನು ತಂತಿಯ ಮೇಲೆ, ಡ್ರಮ್ ಕೋಲು ಗಾಳಿಯಲ್ಲಿ ಇದ್ದರೆ ಹಾಡು ಮುಗಿದಿಲ್ಲ. ಕಮಾನು ತೊಡೆಯ ಪಕ್ಕಕ್ಕೆ ಇಳಿದ ಮೇಲೆ, ರಿವರ್ಬಿನ ಬಾಲ ಪೂರ್ತಿ ಆರಿದ ಮೇಲೆ ಹೊಡೆಯಿರಿ. ಬಾಲ ಆರಲು ಐದಾರು ಸೆಕೆಂಡು ಬೇಕು. ಎಣಿಸಿಕೊಳ್ಳಿ.

ಪ್ರಶ್ನೆ: ತಂಡ ಪರದೆಯ ಹಿಂದೆ ನಿಂತು ನುಡಿಸಿದ ಶೋಗಳ ಬಗ್ಗೆ ಓದಿದೆ. ಹಣ ಕೊಟ್ಟು ಬಂದವರಿಗೆ ಮುಖ ತೋರಿಸದಿರುವುದು ಯಾವ ನ್ಯಾಯ?

ಉತ್ತರ: ಕೆಲವು ಪ್ರವಾಸಗಳಲ್ಲಿ ಕೆಲವೇ ಹಾಡುಗಳಿಗೆ ಹಾಗೆ ಮಾಡಿದ್ದಾರೆ, ಇಡೀ ಸಂಜೆಗಲ್ಲ. ಅದು ದಪ್ಪ ಪರದೆಯೂ ಅಲ್ಲ, ಸೊಳ್ಳೆಪರದೆಯಂಥ ಜಾಲರಿ. ಅದರ ಮೇಲೆ ಎದುರಿನಿಂದ ಬೆಳಕು ಬಿದ್ದು ಹಿಂದೆ ಕತ್ತಲಿದ್ದರೆ ಬಟ್ಟೆ ಗೋಡೆಯಾಗುತ್ತದೆ, ಚಿತ್ರ ಮೂಡಿಸಬಹುದು. ಎದುರಿನ ಬೆಳಕು ಆರಿ ಹಿಂದೆ ಬೆಳಕಾದರೆ ಬಟ್ಟೆ ಮಾಯ, ತಂಡ ಕಾಣುತ್ತದೆ. ನುಡಿಸುವವರ ಹಿಂದೆ, ನೆಲಮಟ್ಟದಲ್ಲಿ ಒಂದೇ ದೀಪವಿಟ್ಟರೆ ಆಳೆತ್ತರದ ನೆರಳು ಮನೆಯೆತ್ತರಕ್ಕೆ ಏಳುತ್ತದೆ. ದೀಪಕ್ಕೆ ಹತ್ತಿರವಾದಷ್ಟೂ ನೆರಳು ದೊಡ್ಡದು. ತೊಗಲುಗೊಂಬೆಯಾಟದ ಅದೇ ಉಪಾಯ.

ಟಿಕೆಟ್ ಆರಿಸುವವರಿಗೆ ಇದರಿಂದ ಒಂದು ಪಾಠ: ತೀರಾ ಬದಿಯ ಆಸನಗಳಲ್ಲಿ ಕೂತರೆ ಜಾಲರಿಯ ಚಿತ್ರ ಓರೆಯಾಗುತ್ತದೆ, ನೆರಳಿನ ಆಟ ಅರ್ಧವೇ ಸಿಗುತ್ತದೆ. ಬದಿಯ ಮುಂದಿನ ಸಾಲಿಗಿಂತ ನಡುವಿನ ಹಿಂದಿನ ಸಾಲು ಮೇಲು. ನ್ಯಾಯದ ಪ್ರಶ್ನೆಗೆ ನಮ್ಮ ಉತ್ತರ: ಜಾಲರಿ ಕೆಳಗೆ ಬೀಳುವ ಕ್ಷಣಕ್ಕೆ ಆ ಹತ್ತು ನಿಮಿಷದ ಬಡ್ಡಿಯೂ ಸೇರಿ ಬರುತ್ತದೆ.

ಪ್ರಶ್ನೆ: ವಾದ್ಯವೃಂದದ ಜತೆಗಿನ ಶೋ ಒಳ್ಳೆಯದೋ, ತಂಡ ಮಾತ್ರ ನುಡಿಸುವ ಶೋ ಒಳ್ಳೆಯದೋ?

ಉತ್ತರ: ಎರಡೂ ಬೇರೆ ಪ್ರಾಣಿಗಳು. ಡ್ರಮ್ಮರ್ ಓರಿ ಪೌಲ್ ದಿರಾಸೊನ್ 2018ರಲ್ಲಿ ತಂಡ ಬಿಟ್ಟರು. ಹಿಂದೆ ಬಿಟ್ಟುಹೋಗಿದ್ದ ಕೀಬೋರ್ಡ್ ವಾದಕ ಕ್ಯಾರ್ತಾನ್ ಸ್ವೇಯ್ನ್‌ಸೊನ್ 2022ರಲ್ಲಿ ಮರಳಿದರು. 2023ರ ಜೂನ್‌ನಲ್ಲಿ ಬಂದ ‘ಔತ್ತಾ’ ಆಲ್ಬಮ್ಮಿನಲ್ಲಿ ಡ್ರಮ್ಮು ಅಪರೂಪ, ತಂತಿವಾದ್ಯಗಳೇ ಎಲ್ಲ. ಆ ವರ್ಷದ ಪ್ರವಾಸ 41 ವಾದಕರ ವೃಂದದೊಂದಿಗೆ, ಕೂತು ಕೇಳುವ ಸಭಾಂಗಣಗಳಲ್ಲಿ ನಡೆಯಿತು.

ಸಿಂಫನಿಗೆಂದು ಕಟ್ಟಿದ ಸಭಾಂಗಣದಲ್ಲಿ ದನಿ ಆರಲು ಸುಮಾರು 2 ಸೆಕೆಂಡು ಹಿಡಿಯುತ್ತದೆ. ಪಿಟೀಲುಗಳಿಗೆ ಅದು ಅಮೃತ, ರಾಕ್ ಡ್ರಮ್ಮಿಗೆ ವಿಷ: ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟನ್ನು ಮುಚ್ಚುತ್ತದೆ. ಅದಕ್ಕೇ ಡ್ರಮ್ ಇರುವ ಶೋ ಒಣ ಸಭಾಂಗಣದಲ್ಲಿ ಚೆನ್ನ, ವೃಂದದ ಶೋ ಅನುರಣನ ಇರುವಲ್ಲಿ ಚೆನ್ನ. ಬರೀ ಒಂದಕ್ಕೆ ದುಡ್ಡಿದ್ದರೆ, ಕೇಳುವವರಿಗೆ ಎದೆಯಲ್ಲಿ ಅನುಭವವಾಗುವುದು ಬೇಕೋ ಕಿವಿಯಲ್ಲಿ ಬೇಕೋ ಎಂದು ಮೊದಲು ಕೇಳಿಕೊಳ್ಳಿ. ನಮ್ಮ ಓಟು ಡ್ರಮ್ಮಿರುವ ಶೋಗೆ. ಆವರಣಗಳ ಆಲ್ಬಮ್ಮಿನ ಕೊನೆಯ ಹಾಡನ್ನು ಅಭಿಮಾನಿಗಳು ‘ಪೊಪ್‌ಲಾಯಿಥ್’ ಎನ್ನುತ್ತಾರೆ, ಅರ್ಥ ‘ಪಾಪ್ ಹಾಡು’. ಹನ್ನೊಂದು ನಿಮಿಷಕ್ಕೂ ಹೆಚ್ಚಿನ ಆ ಹಾಡಿನಿಂದಲೇ ಶೋ ಮುಗಿಸುವುದು ಅವರ ಹಳೆಯ ಪದ್ಧತಿ. ಅದರ ಉತ್ತರಾರ್ಧ ಡ್ರಮ್ಮಿಲ್ಲದೆ ನಿಲ್ಲದು.

ಪ್ರಶ್ನೆ: ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಮನೆಗೆ ಬಂದು ಕೇಳಿದರೆ ಚಪ್ಪೆ. ಸೆಟ್ಟಿಂಗ್ ಏನು ಬದಲಿಸಲಿ?

ಉತ್ತರ: ಸೆಟ್ಟಿಂಗಿನಿಂದ ಸರಿಹೋಗುವುದಲ್ಲ. ಫೋನು ಮೆಲ್ಲಗಿನದನ್ನು ತಾನೇ ಎತ್ತಿ, ಜೋರಿನದನ್ನು ತಾನೇ ತಗ್ಗಿಸುತ್ತದೆ. ಮಾತಿಗೆಂದು ಮಾಡಿದ ಏರ್ಪಾಡು ಅದು. ಹತ್ತು ನಿಮಿಷ ಏರುವ ಹಾಡು ಅದರೊಳಗೆ ಮೊದಲಿಂದ ಕೊನೆಗೆ ಒಂದೇ ಎತ್ತರ. ಕ್ಯಾಮೆರಾವೂ ಹಾಗೆಯೇ: ಹಿಂದಿನಿಂದ ಬೆಳಕು ಬಂದಾಗೆಲ್ಲ ಚಿತ್ರ ಬೆಳ್ಳಗಾಗಿ ಕಪ್ಪಾಗಿ ಉಸಿರಾಡುತ್ತದೆ.

ನೆನಪಿಗೊಂದು ತುಣುಕು ಬೇಕೇ ಬೇಕೆಂದರೆ, ಜೋರಿನ ಹಾಡಿನಲ್ಲಿ ಒಂದೇ ನಿಮಿಷ. ಪರದೆಯ ಬೆಳಕು ಕನಿಷ್ಠಕ್ಕೆ ಇಳಿಸಿ, ಫ್ಲ್ಯಾಶ್ ಆರಿಸಿ, ವೇದಿಕೆಯ ಬೆಳಕಿನ ಭಾಗದ ಮೇಲೆ ಬೆರಳೊತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಫೋನನ್ನು ಎದೆಯ ಮಟ್ಟದಲ್ಲೇ ಹಿಡಿಯಿರಿ. ಮೆಲ್ಲಗಿನ ಹಾಡಿನಲ್ಲಿ ಕತ್ತಲೆಯೂ ವಾದ್ಯಗಳಲ್ಲೊಂದು. ನಿಮ್ಮ ಒಂದು ಫೋನು ಹಿಂದಿನ ಮೂರು ಸಾಲಿಗೆ ಅದನ್ನು ಕೆಡಿಸುತ್ತದೆ.

ಪ್ರಶ್ನೆ: ಜತೆಗೆ ಬರುವ ಗೆಳತಿಗೆ ಅಪಸ್ಮಾರವಿದೆ. ಬೆಳಕಿನಿಂದ ತೊಂದರೆಯಾದೀತೇ?

ಉತ್ತರ: ಅಪಸ್ಮಾರ ಇರುವವರಲ್ಲಿ ಬೆಳಕಿನಿಂದ ಸೆಳವು ಬರುವವರು ನೂರರಲ್ಲಿ ಸುಮಾರು ಮೂವರು. ನಿಮ್ಮ ಗೆಳತಿ ಆ ಗುಂಪಿನವರೋ ಎಂದು ಅವರ ವೈದ್ಯರಿಗೆ ಗೊತ್ತಿರುತ್ತದೆ, ಮೊದಲು ಕೇಳಿಕೊಳ್ಳಿ. ಅಪಾಯದ ವ್ಯಾಪ್ತಿ ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು. ಈ ತಂಡದ ಶೋನ ಕೊನೆಯ ಭಾಗದಲ್ಲಿ ಮಿನುಗು ದೀಪಗಳು ಇರುವುದುಂಟು, ಸಭಾಂಗಣಕ್ಕೆ ಮೊದಲೇ ಬರೆದು ವಿಚಾರಿಸಿ.

ಮಿನುಗು ಶುರುವಾದರೆ ಬರೀ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆಯ ಮೂಲಕ ಬೆಳಕು ಕೆಂಪಾಗಿ ಒಳಬರುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖವನ್ನು ಬೆಳಕಿನಿಂದ ತಿರುಗಿಸಲಿ. ಹಿಂದಿನ ಸಾಲು, ನಡುದಾರಿಯ ಪಕ್ಕದ ಆಸನ ತೆಗೆದುಕೊಳ್ಳಿ. ನಿದ್ದೆಗೆಟ್ಟು ಬರುವುದು ಬೇಡ.

ಪ್ರಶ್ನೆ: ಹಿಂದಿನ ದಿನದ ಶೋನಲ್ಲಿ ಯಾವ ಹಾಡು ಹಾಡಿದರೆಂದು ನೋಡಿಕೊಂಡು ಹೋಗಲೇ?

ಉತ್ತರ: ಮೊದಲ ಸಲವಾದರೆ ಬೇಡ. ಎರಡನೆಯ ಸಲವಾದರೆ ನೋಡಿ, ಶೌಚಾಲಯಕ್ಕೆ ಯಾವಾಗ ಹೋಗಬಾರದೆಂದು ತಿಳಿಯುತ್ತದೆ.

ಪ್ರಶ್ನೆ: ಅವರನ್ನು ಐಸ್‌ಲ್ಯಾಂಡಿನಲ್ಲೇ ಕೇಳಬೇಕೆಂಬ ಆಸೆ. 2006ರಲ್ಲಿ ಹಳ್ಳಿಹಳ್ಳಿ ತಿರುಗಿ ಬಿಟ್ಟಿ ಹಾಡಿದರಂತೆ. ಮತ್ತೆ ಹಾಗೆ ಸಿಗುತ್ತದೆಯೇ?

ಉತ್ತರ: ಆ ಬೇಸಿಗೆಯಲ್ಲಿ ಟಿಕೆಟ್ಟಿಲ್ಲದೆ, ಹೆಚ್ಚು ಪ್ರಚಾರವೂ ಇಲ್ಲದೆ ದೇಶ ಸುತ್ತಿ ನುಡಿಸಿದ್ದು ನಿಜ. ದ್ಯೂಪಾವಿಕ್‌ನ ಪಾಳುಬಿದ್ದ ಹೆರಿಂಗ್ ಮೀನಿನ ಕಾರ್ಖಾನೆ, ಔಸ್‌ಬಿರ್ಗಿಯ ಬಂಡೆಗಳ ಕಣಿವೆ, ರೇಕ್ಯಾವಿಕ್‌ನ ಉದ್ಯಾನ, ಎಲ್ಲವೂ 2007ರ ಸಾಕ್ಷ್ಯಚಿತ್ರ ‘ಹೇಯ್ಮಾ’ದಲ್ಲಿವೆ. ಆ ಹೆಸರಿನ ಅರ್ಥ ‘ಮನೆಯಲ್ಲಿ’. ಅಂಥದ್ದಕ್ಕೆ ಕಾದು ಕೂತು ವಿಮಾನದ ಟಿಕೆಟ್ ತೆಗೆಯಬೇಡಿ. 2017ರ ಡಿಸೆಂಬರ್ ಕೊನೆಯಲ್ಲಿ ತಂಡವೇ ರೇಕ್ಯಾವಿಕ್‌ನ ಹಾರ್ಪಾ ಸಭಾಂಗಣದಲ್ಲಿ ಒಂದು ಉತ್ಸವ ನಡೆಸಿತು. ಅದಕ್ಕೆ ಎಲ್ಲರೂ ಟಿಕೆಟ್ ಕೊಂಡೇ ಹೋದದ್ದು.

ತವರಿನ ಶೋ ಘೋಷಣೆಯಾದರೆ ಮೊದಲು ಸಭಾಂಗಣದ ಟಿಕೆಟ್, ಆಮೇಲೆ ವಿಮಾನ. ಶೋನ ಹಿಂದಿನ ದಿನವಲ್ಲ, ಎರಡು ದಿನ ಮೊದಲೇ ಇಳಿಯುವಂತೆ ನೋಡಿಕೊಳ್ಳಿ, ಚಳಿಗಾಲದ ಬಿರುಗಾಳಿಗೆ ಅಲ್ಲಿ ವಿಮಾನಗಳೂ ರಸ್ತೆಗಳೂ ನಿಂತುಹೋಗುವುದುಂಟು. ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು ನಾಲ್ಕೇ ಗಂಟೆ. ದಪ್ಪ ಕೋಟು ಹೊರಗೆ ಬೇಕು, ಒಳಗೆ ಹೊರೆ. ಕೋಟು ಒಪ್ಪಿಸುವ ಕೌಂಟರಿಗೆ ಕೊಟ್ಟೇ ಒಳಗೆ ಹೋಗಿ. ಕೊಡುವ ಮೊದಲು ಜೇಬಿನಿಂದ ಇಯರ್‌ಪ್ಲಗ್ ತೆಗೆದುಕೊಳ್ಳಿ.